‘ನಮ್ಮವರಿಗೆ ಅನಸ್ತೇಶಿಯಾ ಆಗಿಬರೋದಿಲ್ಲ’

ಪ್ರಶ್ನೆ: ನಾವು ಆರ್ಯವೈಶ್ಯರು, ಬಸವನಗುಡಿಯವರು. ಅಣ್ಣನಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಗಂಟೆಗಟ್ಟಲೆ ಉಸಿರು ಮರಳಲಿಲ್ಲ. ಈಗ ನನಗೆ ಪಿತ್ತಕೋಶದಲ್ಲಿ ಕಲ್ಲು. ಅನಸ್ತೇಶಿಯಾ ನಮಗೆ ಆಗಿಬರೋದಿಲ್ಲವಂತೆ. ಕಲ್ಲು ಕರಗಿಸುವ ಕಷಾಯ ಸಾಕೇ?

ಉತ್ತರ: ಕಷಾಯ ಚೆಲ್ಲಿಬಿಡಿ. ಈ ಪ್ರಶ್ನೆ ನನಗೆ ಹೊಸದಲ್ಲ, ಪ್ರತಿ ಸಲವೂ ಇಡೀ ಅನಸ್ತೇಶಿಯಾದ ಮೇಲೆಯೇ ತಪ್ಪು ಹೊರಿಸುತ್ತೀರಿ. ತೊಂದರೆ ಮುಖ್ಯವಾಗಿ ಒಂದೇ ಔಷಧದ್ದು: ಸಕ್ಸಾಮಿಥೋನಿಯಂ, ನಾವು ಸ್ಕೋಲಿನ್ ಅನ್ನುವುದು. ಗಂಟಲಿಗೆ ಉಸಿರಿನ ಕೊಳವೆ ಹಾಕಲು ಸ್ನಾಯುಗಳನ್ನು ಸಡಿಲಿಸುವ ಮದ್ದು. ಇದನ್ನು ಒಡೆಯುವ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಕಿಣ್ವ ತಯಾರಾಗುವುದು ಲಿವರಿನಲ್ಲಿ, ಕೆಲಸ ಮಾಡುವುದು ರಕ್ತದಲ್ಲಿ. ಕೊಟ್ಟ ಮದ್ದಿನ ಬಹುಪಾಲು ಸ್ನಾಯು ತಲುಪುವ ಮೊದಲೇ ನಾಶವಾಗುತ್ತದೆ. ಅದಕ್ಕೇ ಪರಿಣಾಮ 5–10 ನಿಮಿಷಕ್ಕೆ ಮುಗಿಯುವುದು. ಬಿಸಿಎಚ್‌ಇ ಎಂಬ, ಈ ಕಿಣ್ವದ ಜೀನ್ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟದ್ದೇ ಬಂದಿದ್ದರೆ ಕಿಣ್ವ ತೀರಾ ಕಡಿಮೆ ಇರುತ್ತದೆ, ಮದ್ದು ಪೂರ್ತಿ ಸ್ನಾಯುವಿಗೆ ಸೇರುತ್ತದೆ, ನಿಮಿಷಗಳು ಗಂಟೆಗಳಾಗುತ್ತವೆ.

ಅಣ್ಣನಿಗೆ ಆಗಿರುವುದು ಇದೇ ಆದರೆ ನಿಮಗೂ ಇರುವ ಸಾಧ್ಯತೆ ಕನಿಷ್ಠ ನಾಲ್ಕರಲ್ಲೊಂದು. ಆರ್ಯವೈಶ್ಯರಲ್ಲಿ ಇದು ಹೆಚ್ಚು. ಒಳಗೊಳಗೇ ಮದುವೆಯಾದದ್ದರ ಫಲ. ಹಾಗೆಂದು ಎಲ್ಲ ವೈಶ್ಯರಿಗೂ ಇಲ್ಲ, ಬೇರೆಯವರಿಗೆ ಇಲ್ಲವೇ ಇಲ್ಲ ಎಂದೂ ಅಲ್ಲ. ಆಪರೇಷನ್‌ಗೆ ಮುಂಚಿನ ತಪಾಸಣೆಯಲ್ಲಿ ನಾನು ಸಮುದಾಯ ಕೇಳಿದರೆ ಮುಖ ಸಿಂಡರಿಸುವವರಿದ್ದಾರೆ. ಸ್ವಾಮಿ, ನಾನು ಸಂಬಂಧ ಬೆಳೆಸಲು ಬಂದಿಲ್ಲ.

‘ಎಲ್‌ಎಫ್‌ಟಿ ನಾರ್ಮಲ್ ಇದೆಯಲ್ಲ’ ಎನ್ನಬೇಡಿ, ಆ ಲಿವರ್ ಪರೀಕ್ಷೆಯಲ್ಲಿರುವ ಎಸ್‌ಜಿಪಿಟಿ ಇದನ್ನು ಹೇಳುವುದಿಲ್ಲ. ಈ ಕಿಣ್ವವನ್ನೇ ಅಳೆಯುವ ಪರೀಕ್ಷೆ ಬೇರೆ, ಸೀರಂ ಕೋಲಿನೆಸ್ಟರೇಸ್ ಅಂತಲೇ ಬರೆಸಿ ರಕ್ತ ಕೊಡಿ. ಬಸಿರು, ಲಿವರ್ ಕಾಯಿಲೆ, ಕೀಟನಾಶಕ ಮೈಗೆ ಸೇರಿದ್ದಾಗಲೂ ಅಂಕಿ ಇಳಿಯುತ್ತದೆ, ಅದನ್ನೂ ವೈದ್ಯರಿಗೆ ತಿಳಿಸಿ. ಅಣ್ಣನ ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ. ಇಂಥ ಮನೆಯವರಿಗೆ, ರಿಪೋರ್ಟ್ ಸರಿಯಿದ್ದರೂ, ನಾನಂತೂ ಸ್ಕೋಲಿನ್ ಮುಟ್ಟುವುದಿಲ್ಲ. ಅದರ ಬದಲಿಗೆ ಸ್ನಾಯು ಸಡಿಲಿಸಲು ರೋಕ್ಯುರೋನಿಯಂ ಇದೆ, ಅದರ ಪರಿಣಾಮ ಇಳಿಸಲು ಸುಗಮಾಡೆಕ್ಸ್ ಇದೆ. ನಿಮ್ಮ ಪಿತ್ತಕೋಶದ ಆಪರೇಷನ್ ಸ್ಕೋಲಿನ್ ಇಲ್ಲದೆಯೇ ಸಲೀಸಾಗಿ ಆಗುತ್ತದೆ. ಹಲ್ಲಿನವರು ಮರಗಟ್ಟಿಸಲು ಕೊಡುವ ಲಿಗ್ನೋಕೇನ್‌ಗೂ ಹೆದರಬೇಕಿಲ್ಲ, ಅದರ ದಾರಿ ಬೇರೆ.

ಇನ್ನೊಂದು ಮಾತು. ಯಾರಿಗಾದರೂ ಹೀಗೆ ಆದಾಗ ‘ಬೇಗ ಎಬ್ಬಿಸಿ’ ಎಂದು ಥಿಯೇಟರಿನ ಬಾಗಿಲು ಬಡಿಯಬೇಡಿ. ನಿದ್ದೆ ಬಿಡಿಸಿದರೆ, ಎಚ್ಚರವಿದ್ದೂ ಬೆರಳೂ ಅಲ್ಲಾಡಿಸಲಾಗದ ಸ್ಥಿತಿ ಅದು. ನಿದ್ದೆಯಲ್ಲೇ ಇಟ್ಟು, ವೆಂಟಿಲೇಟರಿನಲ್ಲಿ ಉಸಿರಾಡಿಸುತ್ತಾ, ಮದ್ದು ತಾನಾಗಿ ಇಳಿಯುವವರೆಗೆ ಕಾಯುವುದೇ ಚಿಕಿತ್ಸೆ.

ಪ್ರಶ್ನೆ: ಅಪ್ಪನಿಗೆ ಸ್ಟೆಂಟ್ ಇದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೊಗ್ರೆಲ್ ಕೆಲಸ ಮಾಡದು ಎಂದು ಜೀನ್ ಟೆಸ್ಟಿನಲ್ಲಿದೆ. ನಿಲ್ಲಿಸಲೇ?

ಉತ್ತರ: ಒಂದು ದಿನವೂ ಬೇಡ! ರಿಪೋರ್ಟ್ ಹಿಡಿದು ಹೃದ್ರೋಗ ತಜ್ಞರ ಬಳಿ ಹೋಗಿ, ಬದಲಿ ಮಾತ್ರೆಗಳಿವೆ.

ಪ್ರಶ್ನೆ: ಕಿಡ್ನಿ ಕಸಿಯಾಗಿ, ದೇಹ ಅದನ್ನು ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುತ್ತಿದ್ದೇನೆ. ದೇವನಹಳ್ಳಿ ಚಕ್ಕೋತ ತಿನ್ನಬಹುದೇ?

ಉತ್ತರ: ಬೇಡ. ಈ ಔಷಧವನ್ನು ಒಡೆಯುವ ಕರುಳಿನ ಕಿಣ್ವವನ್ನು ಚಕ್ಕೋತ ತಡೆದು ರಕ್ತದಲ್ಲಿ ಔಷಧದ ಮಟ್ಟ ಏರಿಸುತ್ತದೆ.

ಪ್ರಶ್ನೆ: ಲಿವರ್ ಡಿಟಾಕ್ಸ್ ಪುಡಿಯಿಂದ ಕಿಣ್ವದ ಕೊರತೆ ನೀಗುತ್ತದೆಯೇ?

ಉತ್ತರ: ಇಲ್ಲ. ಮಾರುವವನ ಕೊರತೆ ನೀಗುತ್ತದೆ.