ನೀಲಿನಾಲಿಗೆ: ಪಕ್ಕದ ಮಂದೆಯ ಮೇಲೆ ಸಿಟ್ಟು ಬೇಡ

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ಕುರಿಗಳಿಗೆ ಜ್ವರ, ಸಿಂಬಳ, ತುಟಿ ಊದಿದೆ, ಕುಂಟುತ್ತಿವೆ. ನಾಲಿಗೆ ಮಾತ್ರ ನೀಲಿಯಾಗಿಲ್ಲ. ಪಕ್ಕದವರ ಮಂದೆ ನಮ್ಮ ತೊಟ್ಟಿಯಲ್ಲಿ ನೀರು ಕುಡಿದದ್ದೇ ಕಾರಣವೆಂದು ಅವರೊಂದಿಗೆ ಮಾತು ಬಿಟ್ಟಿದ್ದೇವೆ. ನೆದರ್ಲೆಂಡ್ಸ್‌ನಲ್ಲಿರುವ ಮಗ, ನೀಲಿನಾಲಿಗೆ ರೋಗ ಒಂಟೆ ಕುಲದ ಅಲ್ಪಾಕಾಗಳಿಗೂ ಬರುತ್ತದೆ, ಅಲ್ಲಿಂದ ಲಸಿಕೆ ತರಲೇ ಎನ್ನುತ್ತಾನೆ.
– ಕುರಿ ಸಾಕಣೆದಾರ, ಹಿರಿಯೂರು ತಾಲ್ಲೂಕು

ಉತ್ತರ: ನಾಲಿಗೆ ನೀಲಿಯಾಗುವುದು ಕೆಲವೇ ಕುರಿಗಳಲ್ಲಿ. ನೀವು ಗೊರಸಿನ ಮೇಲಂಚು ನೋಡಿ. ಅಲ್ಲಿ ಕೆಂಪು ಪಟ್ಟಿ ಕಂಡರೆ ನನ್ನ ಅನುಮಾನ ನೀಲಿನಾಲಿಗೆಯ ಮೇಲೆಯೇ. ಬೇಧಿ, ಕೆಮ್ಮು ಜೋರಾಗಿದ್ದರೆ ಅದು ಕುರಿ-ಮೇಕೆಗಳ ಪ್ಲೇಗ್ ಎನ್ನುವ ಪಿಪಿಆರ್ ರೋಗ ಇರಬಹುದು. ಅದು ಒಂದರಿಂದೊಂದಕ್ಕೆ ನೇರವಾಗಿ ಹರಡುತ್ತದೆ. ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸದೆ ತೀರ್ಪು ಕೊಡಬೇಡಿ.

ನೀಲಿನಾಲಿಗೆಯೇ ಆಗಿದ್ದರೆ ತೊಟ್ಟಿಯ ನೀರು ನಿರಪರಾಧಿ. ವೈರಸ್ಸನ್ನು ಹೊತ್ತು ತರುವುದು ಕ್ಯೂಲಿಕಾಯ್ಡಿಸ್ ಎಂಬ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನುಸಿ. ಒದ್ದೆ ಸಗಣಿ, ಕೆಸರಿನಲ್ಲಿ ಹುಟ್ಟಿ, ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ನಿಮ್ಮ ಹಟ್ಟಿಯ ಹಸುಗಳ ರಕ್ತದಲ್ಲಿ ವೈರಸ್ ವಾರಗಟ್ಟಲೆ ಉಳಿಯಬಹುದು. ಆದರೂ ಅವು ಸಾಮಾನ್ಯವಾಗಿ ಹಾಯಾಗಿ ಮೆಲುಕು ಹಾಕುತ್ತಿರುತ್ತವೆ. ಪಕ್ಕದವರನ್ನು ಬೈಯುವ ಮೊದಲು ಸ್ವಂತ ತಿಪ್ಪೆಯನ್ನು ರೊಪ್ಪದಿಂದ ದೂರ ಹಾಕಿ, ನಿಂತ ನೀರು ಬಸಿಯಿರಿ. ಎಲ್ಲ ಕುರಿಗಳಿಗೂ ಒಂದೇ ಸೂಜಿ ಚುಚ್ಚುವವರನ್ನು ಮಾತ್ರ ರೊಪ್ಪದೊಳಗೆ ಬಿಡಬೇಡಿ. ರಕ್ತ ಮೆತ್ತಿದ ಸೂಜಿಯೂ ನುಸಿಯ ಕೆಲಸ ಮಾಡುತ್ತದೆ.

ವೈರಸ್ಸನ್ನೇ ಕೊಲ್ಲುವ ಔಷಧಿಯಿಲ್ಲ. ಬಿಸಿಲು ಬೀಳದ ಕಡೆ ಕಟ್ಟಿ, ಬಾಯಿಯ ಹುಣ್ಣನ್ನು ತಿಳಿಯಾದ ಪೊಟ್ಯಾಷಿಯಂ ಪರ್ಮಾಂಗನೇಟ್ ನೀರಿನಿಂದ ತೊಳೆದು ಬೋರಿಕ್ ಗ್ಲಿಸರಿನ್ ಹಚ್ಚಿ. ಮೆತ್ತನೆಯ ಹಸಿ ಮೇವು, ತೆಳ್ಳನೆಯ ಅಂಬಲಿ ಕೊಡಿ. ಬಾಯಿ ನೋವಿನಿಂದ ಮೇವು ಬಿಟ್ಟ ಕುರಿ ಹಸಿವಿನಿಂದಲೇ ಸೊರಗುತ್ತದೆ. ಈ ರೋಗ ಮನುಷ್ಯರಿಗೆ ಬರುವುದಿಲ್ಲ, ಮಕ್ಕಳನ್ನು ಹೆದರಿಸಬೇಡಿ.

ಮಗ ಹೇಳಿದ್ದು ನಿಜ, ಅಲ್ಪಾಕಾಗಳಿಗೂ ತಗಲುತ್ತದೆ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನಲ್ಲಿ ಕಾಣಿಸಿಕೊಂಡದ್ದು ಈ ವೈರಸ್‌ನ 3ನೇ ಬಗೆ. ಅಲ್ಲಿ ಮರುವರ್ಷ ಬಂದ ಲಸಿಕೆಯೂ ಅದಕ್ಕೇ. ನಮ್ಮ ದೇಶದ ಲಸಿಕೆ 1, 2, 10, 16 ಮತ್ತು 23ನೇ ಬಗೆಗಳಿಗೆ. ಒಂದರ ಲಸಿಕೆ ಇನ್ನೊಂದಕ್ಕೆ ನೆಚ್ಚಲಾಗದು. ಮಗ ಬರುವಾಗ ಚಾಕೊಲೇಟ್ ತರಲಿ, ಲಸಿಕೆ ಬೇಡ. ಮುಂದಿನ ವರ್ಷ ಮುಂಗಾರಿಗೆ ಮೊದಲೇ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಪಕ್ಕದವರ ಮಂದೆಗೂ ಅದೇ ದಿನ ಹಾಕಿಸಿ.