‘ನಾಳೆ ಕೊಡೀರಂತೆ’ ಎಂಬ ಮಾತು

ಕೊರೋನಾ ಕಳೆದು ಬದುಕು ಮಾಮೂಲಿಗೆ ಮರಳುವಾಗ ದಿನನಿತ್ಯದ ಯಾವ ಸಣ್ಣ ಸಂಗತಿ ನಿಮಗೆ ಭರವಸೆ ಕೊಟ್ಟಿತು ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಅದು ಜನರ ಬಾಯಲ್ಲಿ ಮತ್ತೆ ಕೇಳಿಬಂದ ‘ನಾಳೆ’ ಎಂಬ ಮಾತು.

2021ರ ಶ್ರಾವಣದ ಒಂದು ಬೆಳಿಗ್ಗೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಎರಡು ಮೊಳ ಮಲ್ಲಿಗೆ ಕೇಳಿದೆ. ಹೂವಿನ ಅಮ್ಮ ಬೆರಳ ತುದಿಯಿಂದ ಮೊಣಕೈವರೆಗೆ ಮಾಲೆ ಹಿಡಿದು ಎರಡು ಸಲ ಅಳೆದು, ರೂಢಿಯಂತೆ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸಿ, ಬಾಳೆಲೆಯಲ್ಲಿ ಸುತ್ತಿ ಕೊಟ್ಟರು. ನನ್ನ ಬಳಿ ಇದ್ದದ್ದು ಐನೂರರ ನೋಟು ಒಂದೇ. ಅವರಲ್ಲಿ ಅಷ್ಟು ಚಿಲ್ಲರೆ ಇರಲಿಲ್ಲ. ಹೂವನ್ನು ಹಿಂದಿರುಗಿಸಲು ಹೋದಾಗ, ‘ತಕ್ಕೊಂಡೋಗಿ ಸ್ವಾಮಿ, ನಾಳೆ ಕೊಡೀರಂತೆ’ ಎಂದರು.

ಆ ಮಾತಿನ ತೂಕ ತಿಳಿಯಬೇಕಾದರೆ ಅವರ ವ್ಯಾಪಾರದ ಸ್ವರೂಪ ತಿಳಿದಿರಬೇಕು. ಮಲ್ಲಿಗೆಯನ್ನು ಮೊಗ್ಗಿರುವಾಗಲೇ ಬಿಡಿಸಿ, ಕಟ್ಟಿ, ಅದೇ ದಿನ ಮಾರಬೇಕು. ಮರುದಿನ ಅದನ್ನು ಯಾರೂ ಮುಟ್ಟುವುದಿಲ್ಲ. 2020ರ ಮಾರ್ಚ್ 25ರಂದು ಆರಂಭವಾದ ಲಾಕ್‌ಡೌನ್ ಮತ್ತು ಮರುವರ್ಷದ ಎರಡನೆಯ ಅಲೆ, ಎರಡೂ ಮಲ್ಲಿಗೆ ಹೇರಳವಾಗಿ ಬಿಡುವ ಬೇಸಿಗೆಯಲ್ಲೇ ಬಂದವು. ಕೊಳ್ಳುವವರಿಲ್ಲದೆ ಮೊಗ್ಗು ಗಿಡದಲ್ಲೇ ಅರಳಿ ಉದುರಿದವೆಂದು ಅವರೇ ಒಮ್ಮೆ ಹೇಳಿದ್ದರು. ಆ ತಿಂಗಳುಗಳಲ್ಲಿ ನಮ್ಮ ಬೀದಿಯಲ್ಲಿ ಕೈಗಡದ ವ್ಯವಹಾರವೇ ನಿಂತುಹೋಗಿತ್ತು. ಬರುವ ವಾರ ಯಾರು ಎಲ್ಲಿರುತ್ತಾರೋ ಎಂಬ ಅಂಜಿಕೆ ಕೊಡುವವರಿಗೂ ಇತ್ತು, ಕೇಳುವವರಿಗೂ ಇತ್ತು. ಎರಡು ಬೇಸಿಗೆ ಕಳೆದುಕೊಂಡ ಹೆಣ್ಣುಮಗಳು, ನನ್ನ ಹೆಸರನ್ನೂ ಕೇಳದೆ, ನಾನು ನಾಳೆ ಬರುತ್ತೇನೆಂದೂ ತಾನು ಅಲ್ಲಿರುತ್ತೇನೆಂದೂ ನಂಬಿದರು. ದಾರಿಯುದ್ದಕ್ಕೂ ನನಗೆ ಅದೇ ಯೋಚನೆ.

ಅಂದಿನಿಂದ ಇಂಥವು ತಾವಾಗಿಯೇ ಕಣ್ಣಿಗೆ ಬೀಳತೊಡಗಿದವು. ಅಕ್ಟೋಬರ್ 25ರಂದು ಒಂದರಿಂದ ಐದನೆಯ ತರಗತಿಗಳು ಆರಂಭವಾಗುವ ಮೊದಲು ದರ್ಜಿಯ ಅಂಗಡಿಯಲ್ಲಿ ಒಬ್ಬ ಅಜ್ಜಿ, ಮೊಮ್ಮಗಳ ಲಂಗದ ಅಂಚಿಗೆ ನಾಲ್ಕು ಬೆರಳು ಮಡಿಕೆ ಬಿಡಿ, ಬರುವ ವರ್ಷಕ್ಕೂ ಆಗಬೇಕು ಎಂದು ಹೇಳಿ ಹೋದರು.

ಆದರೆ ನನ್ನನ್ನು ನಿಜವಾಗಿ ಎತ್ತಿ ನಿಲ್ಲಿಸಿದ್ದು ಮಂಡ್ಯದ ಹತ್ತಿರದ ನಮ್ಮ ತಾಯಿಯ ಊರು. ಆ ಮೇ ತಿಂಗಳಲ್ಲಿ ಸೋದರಮಾವ ಕೊರೋನಾದಿಂದ ತೀರಿಕೊಂಡಿದ್ದರು. ಅವರದ್ದು ವಿಶ್ವೇಶ್ವರಯ್ಯ ನಾಲೆಯ ಬಯಲಿನ ಗದ್ದೆ. ಅತ್ತೆ ಹೇಗೋ ಧೈರ್ಯ ತಂದುಕೊಂಡು ಒಟ್ಲು, ಅಂದರೆ ಭತ್ತದ ಸಸಿಮಡಿ, ಹಾಕಿಸಿದರು, ಆದರೆ ನಾಟಿಗೆ ಆಳು ಹೊಂದಿಸುವ ಚೈತನ್ಯ ಅವರಲ್ಲಿ ಉಳಿದಿರಲಿಲ್ಲ. ಭತ್ತದ ಪೈರು ಮೂರ್ನಾಲ್ಕು ವಾರಕ್ಕೆ ನಾಟಿಯಾಗಬೇಕು. ಬಲಿತರೆ ಬುಡದಿಂದ ಸರಿಯಾಗಿ ತೆಂಡೆ (ಮರಿಕವಲು) ಒಡೆಯುವುದಿಲ್ಲ. ಆಗ ಊರಿನ ಐದು ಮನೆಯ ಹೆಂಗಸರು, ಯಾರೂ ಕರೆಯದೆ, ಬೆಳಿಗ್ಗೆ ಬಂದು ಗದ್ದೆಗಿಳಿದರು. ಅತ್ತೆ ಕೂಲಿ ಕೊಡಲು ಹೋದಾಗ ಅವರು ತೆಗೆದುಕೊಳ್ಳದೆ, ‘ಮುಯ್ಯಿಗೆ ಬಂದಿದ್ದೀವಿ ಕಣಕ್ಕ, ಕೈಲಾದಾಗ ನಮ್ಮ ಗದ್ದೆಗೆ ಬಾ’ ಎಂದರಂತೆ.

ಇಂದು ನಾನು ನಿಮ್ಮ ಗದ್ದೆಗೆ, ಮುಂದೆ ನೀವು ನನ್ನ ಗದ್ದೆಗೆ ಎಂಬ ಮುಯ್ಯಾಳು ಪದ್ಧತಿ ನಮ್ಮ ಕಡೆ ಹಳೆಯದು. ಟ್ರ್ಯಾಕ್ಟರು, ಗುತ್ತಿಗೆ ಆಳುಗಳು ಬಂದ ಮೇಲೆ ಕಡಿಮೆಯಾಗಿತ್ತು. ಆ ಹೆಂಗಸರು ತಮ್ಮ ಕೆಲಸವನ್ನು ಉಪಕಾರವೆಂದು ಕರೆಯಲಿಲ್ಲ, ಸಾಲವೆಂದು ಕರೆದರು. ಹಾಗೆ ಕರೆದದ್ದರಿಂದಲೇ ಅತ್ತೆಗೆ ಮುಂದಿನ ವರ್ಷಕ್ಕೆ ಮಾಡಬೇಕಾದ ಕೆಲಸವೊಂದು ಉಳಿಯಿತು ಎಂದು ನಾನು ನಂಬುತ್ತೇನೆ.

ಮರುವರ್ಷ ನಾಟಿಯ ಸಮಯದಲ್ಲಿ ಫೋನ್ ಮಾಡಿದಾಗ ಅತ್ತೆಯ ದನಿಯಲ್ಲಿ ಹಳೆಯ ಗಡಸು ಬಂದಿತ್ತು. ಎರಡು ಮನೆಯ ಮುಯ್ಯಿ ತೀರಿತು, ಇನ್ನು ಮೂರು ಬಾಕಿ ಇದೆ, ಸೋಮವಾರ ಬೆಳಿಗ್ಗೆ ಮಾತ್ರ ಫೋನ್ ಮಾಡಬೇಡ, ಗದ್ದೆಯಲ್ಲಿರುತ್ತೇನೆ ಎಂದರು.