ಶೇ. 94 ಎಂಬ ಅಂಕಿಯ ಬಗ್ಗೆ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಜೊಲ್ಲುಗ್ರಂಥಿಯ ಗೆಡ್ಡೆಗಳನ್ನು ಗುರುತಿಸುವಲ್ಲಿ ಸೂಜಿ ಪರೀಕ್ಷೆಯನ್ನು ಎಷ್ಟು ನಂಬಬಹುದು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಕಿವಿಯ ಕೆಳಗೆ ಗೋಲಿಯಷ್ಟು ದಪ್ಪದ ಗಂಟು ಕೈಗೆ ಹತ್ತಿದಾಗ ಆಗುವ ದಿಗಿಲನ್ನು ನೀವು ಬರೆದಿರುವ ಬಗೆ ಹಿಡಿಸಿತು. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ತೊಡಕಿರುವುದು ಒಂದೇ ವಾಕ್ಯದಲ್ಲಿ: 'ಈ ಪರೀಕ್ಷೆ ಶೇ. 94ರಷ್ಟು ನಿಖರವಾದ್ದರಿಂದ, ಕ್ಯಾನ್ಸರ್ ಇಲ್ಲವೆಂದು ವರದಿ ಬಂದರೆ ನಿಶ್ಚಿಂತೆಯಿಂದಿರಬಹುದು.' ಕಿವಿಯ ಮುಂದಿರುವ ಪೆರೋಟಿಡ್ ಗ್ರಂಥಿಯ ಗೆಡ್ಡೆಗಳಲ್ಲಿ ನೂರಕ್ಕೆ ಸುಮಾರು 80 ಕ್ಯಾನ್ಸರ್ ಆಗಿರುವುದಿಲ್ಲ. ಹಾಗಾಗಿ ಸೂಜಿಯನ್ನೇ ಮುಟ್ಟದೆ ಎಲ್ಲರಿಗೂ 'ಕ್ಯಾನ್ಸರ್ ಇಲ್ಲ' ಎಂದು ಬರೆದುಕೊಡುವವನೂ ಶೇ. 80ರಷ್ಟು ನಿಖರನೇ. ತೆಳು ಸೂಜಿಯಿಂದ ಜೀವಕೋಶಗಳನ್ನು ಹೀರಿ ನೋಡುವ ಎಫ್‌ಎನ್‌ಎಸಿ, ಕ್ಯಾನ್ಸರ್ ಇರುವ ನೂರು ಮಂದಿಯಲ್ಲಿ ಸುಮಾರು 80 ಮಂದಿಯನ್ನು ಗುರುತಿಸುತ್ತದೆ. ಇಲ್ಲದ ನೂರು ಮಂದಿಯಲ್ಲಿ ಸುಮಾರು 97 ಮಂದಿಗೆ ಇಲ್ಲವೆಂದೇ ಹೇಳುತ್ತದೆ. ಈಗ ನೂರು ರೋಗಿಗಳಲ್ಲಿ 20 ಮಂದಿಗೆ ಕ್ಯಾನ್ಸರ್ ಇದೆಯೆಂದುಕೊಳ್ಳಿ: ನಾಲ್ವರು ಕೈತಪ್ಪುತ್ತಾರೆ, ಒಟ್ಟು ನಿಖರತೆ ಮಾತ್ರ ನಿಮ್ಮ 94ಕ್ಕೇ ಬಂದು ನಿಲ್ಲುತ್ತದೆ. ನಿಮ್ಮ ವಾಕ್ಯವನ್ನು ನಂಬಿ ನಿಶ್ಚಿಂತರಾಗುವವರಲ್ಲಿ ಆ ನಾಲ್ವರೂ ಇರುತ್ತಾರೆ.

ಏಕೆ ತಪ್ಪುತ್ತದೆ ಎಂಬುದಕ್ಕೆ ನೀವು ಕೊಟ್ಟಿರುವುದು 'ತಂತ್ರಜ್ಞರ ಅನನುಭವ' ಎಂಬ ಎರಡೇ ಪದ. ಅನುಭವಿಗಳ ಕೈಯಲ್ಲೂ ತಪ್ಪುತ್ತದೆ. ನಿಧಾನವಾಗಿ ಬೆಳೆಯುವ ಮ್ಯೂಕೋಎಪಿಡರ್ಮಾಯ್ಡ್ ಕ್ಯಾನ್ಸರ್ ಎಷ್ಟೋ ಸಲ ದ್ರವ ತುಂಬಿದ ಚೀಲದಂತಿರುತ್ತದೆ. ಸೂಜಿಗೆ ಬರೀ ಲೋಳೆ ಬಂದು, ಸ್ಲೈಡಿನಲ್ಲಿ ನೋಡಲು ಕೋಶಗಳೇ ಇರುವುದಿಲ್ಲ. ಗೆಡ್ಡೆಯು ತನ್ನ ಹೊದಿಕೆಯನ್ನು ಕೊರೆದು ಹೊರಗೆ ನುಗ್ಗಿದೆಯೇ ಎಂಬುದಂತೂ ಬಿಡಿ ಕೋಶಗಳಲ್ಲಿ ಕಾಣುವಂಥದ್ದೇ ಅಲ್ಲ. ಲೇಖನದ ಜೀವ ಇಲ್ಲಿದೆ, ಇದನ್ನು ಬೆಳೆಸಿ.

ಅಂಗಾಂಶದ ಎಳೆಯನ್ನೇ ತೆಗೆಯುವ ದಪ್ಪ ಸೂಜಿಯ ಬಯಾಪ್ಸಿಯ ಅಂಕಿಗಳನ್ನು ಎಫ್‌ಎನ್‌ಎಸಿಯ ಅಂಕಿಗಳೊಂದಿಗೆ ಬೆರೆಸಬೇಡಿ; ಅದು ಕ್ಯಾನ್ಸರನ್ನು ಹೆಚ್ಚು ಸಲ ಹಿಡಿಯುತ್ತದೆ. ಜೊಲ್ಲುಗ್ರಂಥಿಯ ಸೂಜಿ ಪರೀಕ್ಷೆಯ ಫಲಿತಾಂಶಗಳನ್ನು ವರ್ಗಗಳಾಗಿ ವಿಂಗಡಿಸುವ 2018ರ ಮಿಲಾನ್ ವರದಿ ಪದ್ಧತಿಯಲ್ಲಿ 'ಮಾದರಿ ಸಾಲದು' ಎಂಬುದಕ್ಕೆ ಪ್ರತ್ಯೇಕ ವರ್ಗವೇ ಇದೆ. ಅಂಥ ವರದಿಗಳನ್ನು ನೀವು ಲೆಕ್ಕದಿಂದ ಕೈಬಿಟ್ಟಿದ್ದರೆ ಹಾಗೆಂದು ಬರೆಯಿರಿ, ಏಕೆಂದರೆ ಅವನ್ನು ಬಿಟ್ಟ ಕೂಡಲೇ ಯಾವ ಪರೀಕ್ಷೆಯಾದರೂ ಚೆನ್ನಾಗಿ ಕಾಣುತ್ತದೆ.

ಸೂಜಿಯ ಇತಿಹಾಸದ ಎರಡು ಪುಟಗಳನ್ನು ತೆಗೆದುಹಾಕಿ, ತಿದ್ದಿದ ಪ್ರತಿಯನ್ನು ಕಳುಹಿಸಿ. ಮತ್ತೆ ಓದುತ್ತೇನೆ.

ಸಂಪಾದಕ